ಮೂರನೇ ಠಾಣೆಯ ಕರೆ

“ನನ್ನ ತಮ್ಮ ಇಷ್ಟೊಂದು ಮಾತಾಡ್ತಿರಲಿಲ್ಲ.”

ತಾಲೀಮು ಮುಗಿಸಿ ನಟರೆಲ್ಲ ಟೀ ಕುಡಿಯಲು ಹೊರಗೆ ಹೋಗಿದ್ದರು. ಮಧ್ಯಾಹ್ನದಿಂದ ಹಿಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಈಗ ಎದ್ದು ಬಂದು ನಾಟಕಕಾರನ ಎದುರು ನಿಂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಭುಜದಲ್ಲೊಂದು ಬಟ್ಟೆಯ ಚೀಲ. ಹೊಸ ನಾಟಕ ಗಡಿಯ ಮೂರನೇ ಠಾಣೆಯ ಕಥೆ ಎಂದು ಪೇಪರಿನಲ್ಲಿ ಓದಿ, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಆ ಠಾಣೆಯಲ್ಲಿ ಸತ್ತ ಸೈನಿಕನ ಅಕ್ಕ.

ನಾಟಕಕಾರ ಹನ್ನೊಂದು ವರ್ಷ ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಂಡವನು. ಎಷ್ಟೇ ಗೊರಗೊರ ಸದ್ದಿದ್ದರೂ ಅದರೊಳಗಿಂದ ಮನುಷ್ಯನ ದನಿಯನ್ನು ಹೆಕ್ಕಿ ತೆಗೆಯುತ್ತಿದ್ದ. ಅದಕ್ಕೇ ತುಕಡಿಯವರು ಅವನನ್ನು ‘ಕಿವಿ’ ಎಂದು ಕರೆಯುತ್ತಿದ್ದರು. ಊರಿಗೆ ಮರಳಿ ಗೋದಾಮೊಂದರ ಕಾವಲಿಗೆ ಸೇರಿದ. ಮದುವೆಯಾಗಲಿಲ್ಲ. ಕಾವಲುಕೋಣೆಯ ಮೇಜಿನ ಮೇಲೆ ನಲವತ್ತು ವರ್ಷದಲ್ಲಿ ಆರು ನಾಟಕ ಬರೆದ. ಆರರಲ್ಲೂ ಒಬ್ಬ ಮಾತಿನ ಮಲ್ಲನಿದ್ದ. ಒಮ್ಮೆ ವಕೀಲ, ಒಮ್ಮೆ ಅಂಚೆಯವನು, ಒಮ್ಮೆ ರಾಜನಿಗೇ ಎದುರಾಡುವ ಕಮ್ಮಾರ. ಜನ ಚಪ್ಪಾಳೆ ತಟ್ಟುತ್ತಿದ್ದದ್ದೇ ಅವನ ಮಾತಿಗೆ. ಈಗ ಏಳನೆಯದರಲ್ಲಿ ಮೊದಲ ಸಲ ಅವನಿಗೆ ಸೈನಿಕನ ಬಟ್ಟೆ ತೊಡಿಸಿ, ಸಾಯುವ ಮುಂಚೆ ವೈರ್‌ಲೆಸ್ಸಿನಲ್ಲಿ ಹೇಳಲು ಹದಿನಾಲ್ಕು ಸಾಲು ಕೊಟ್ಟಿದ್ದ.

“ಅವನಿಗೆ ಉಗ್ಗು ಇತ್ತಲ್ಲ,” ಎಂದರು ಅಕ್ಕ. “ನಿಮಗೆ ಯಾರೂ ಹೇಳಲಿಲ್ವಾ?”

“ಗೊತ್ತು ಅಕ್ಕ.”

“ತನ್ನ ಹೆಸರು ಹೇಳೋಕೇ ಒದ್ದಾಡೋನು. ಮನೇಲಿ ಅವನು ಬಾಯಿ ತೆಗೆದ್ರೆ ನಾವೆಲ್ಲ ಕೈಲಿದ್ದ ಕೆಲಸ ಕೆಳಗಿಟ್ಟು ಕೂತ್ಕೋತಿದ್ವಿ. ಇವನು ಬೆಂಕಿ ಬಿದ್ದಿದೆ ಅಂತ ಹೇಳಿ ಮುಗಿಸೋ ಹೊತ್ತಿಗೆ ಬೂದಿ ಗುಡಿಸಿ ಆಗಿರುತ್ತೆ ಅಂತ ನಮ್ಮಪ್ಪ ರೇಗಿಸೋರು.” ಅಕ್ಕ ನಕ್ಕರು. “ಕಾಗದದಲ್ಲಿ ಮಾತ್ರ ಪುಟಗಟ್ಟಲೆ ಬರೀತಿದ್ದ. ಇಲ್ಲಿ ಕಿವಿ ಅಂತ ಒಬ್ಬನಿದ್ದಾನೆ, ನನ್ನ ಮಾತು ಮುಗಿಯೋವರೆಗೂ ಕಾಯೋನು ಅವನೊಬ್ಬನೇ ಅಂತ. ಆ ಕಿವಿ ಅನ್ನೋರು ಇನ್ನೂ ಇದ್ದಾರಾ? ಒಂದ್ಸಲ ನೋಡ್ಬೇಕು ಅಂತ ಆಸೆ.”

“ನಾನೇ ಅಕ್ಕ,” ಎಂದ.

“ಅಯ್ಯೋ, ನೀನೇನಾ!” ಅಕ್ಕ ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬೆಚ್ಚಗಿನ, ಒರಟು ಕೈಗಳು. ಹಾಗೆ ಅವನ ಕೈಯನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ. ಸುಮ್ಮನಿದ್ದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.

“ಅವತ್ತು ಸಂಜೆ ದಾಳಿ ಆದಾಗ ನಾನಿದ್ದ ಕೇಂದ್ರಕ್ಕೆ ಮೂರು ಠಾಣೆಯಿಂದ ಒಟ್ಟಿಗೆ ಕರೆ ಬರ್ತಿತ್ತು. ಮೂರನೇ ಠಾಣೇಲಿ ವೈರ್‌ಲೆಸ್ಸಿನವನಿಗೆ ಗುಂಡು ತಗಲಿ, ನಿಮ್ಮ ತಮ್ಮ ವೈರ್‌ಲೆಸ್ ಕೈಗೆತ್ತಿಕೊಂಡಿದ್ದ. ಅ... ಅ... ಅಂತಿದ್ದ. ಉಸಿರು ಕೇಳಿದ ತಕ್ಷಣ ಇವನೇ ಅಂತ ಗೊತ್ತಾಯ್ತು. ಇವನದು ಹೇಗೂ ಹೊತ್ತಾಗುತ್ತೆ ಅಂತ, ಆಮೇಲೆ ಮಾತಾಡು ಅಂದು ಬೇರೆ ಠಾಣೆಗೆ ತಿರುಗಿಸಿದೆ. ಮತ್ತೆ ಇವನನ್ನ ಕರೆದಾಗ ಯಾರೂ ಓಗೊಡಲಿಲ್ಲ.”

ಹೊರಗಿನಿಂದ ನಟರ ನಗು ಕೇಳಿಸಿತು. ಅಕ್ಕ ಪಕ್ಕದ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

“ಎಷ್ಟು ಹೊತ್ತು ಕಾದೆ?”

“ಕಾಯ್ಲಿಲ್ಲ.”

“ಏನು ಹೇಳೋಕೆ ಹೊರಟಿದ್ದ?”

“ಗೊತ್ತಿಲ್ಲ ಅಕ್ಕ. ನಲವತ್ತು ವರ್ಷದಿಂದ ಒಂದೊಂದೇ ಮಾತು ಅವನ ಬಾಯಿಗಿಟ್ಟು ನೋಡ್ತಿದ್ದೀನಿ.”

ಅಕ್ಕ ಚೀಲ ಸರಿಮಾಡಿಕೊಂಡು ಬಾಗಿಲತನಕ ಹೋದರು. ಅಲ್ಲಿ ನಿಂತು ಒಮ್ಮೆ ತಿರುಗಿದರು. ಆಮೇಲೆ ಮೆಟ್ಟಿಲಿಳಿದರು.

ಮರುದಿನ ಅವನು ಹದಿನಾಲ್ಕು ಸಾಲನ್ನೂ ಹೊಡೆದುಹಾಕಿ ಒಂದೇ ಒಂದು ಅಕ್ಷರ ಉಳಿಸಿದ. ಹಸ್ತಪ್ರತಿ ನೋಡಿ ನಿರ್ದೇಶಕಿ ತಲೆಯ ಮೇಲೆ ಕೈ ಹೊತ್ತಳು.

“ಸರ್, ಜನ ನಗ್ತಾರೆ.”

“ನಗಲಿ ಬಿಡಮ್ಮ.”

“ಎಷ್ಟು ಹೊತ್ತು ಹೀಗೇ ಅಂತಿರ್ಬೇಕು ಇವನು?”

“ಅವನ ಕೈಲಿ ಆಗೋವರೆಗೂ.”

ಅಕ್ಕನಿಗೆ ಮುಂದಿನ ಸಾಲಿನ ಟಿಕೆಟೊಂದನ್ನು ಅಂಚೆಯಲ್ಲಿ ಕಳಿಸಿದ. ಗೆಳೆಯನ ಮನೆಯ ವಿಳಾಸ ಅವನಿಗೆ ಬಾಯಿಪಾಠವಿತ್ತು. ಆದರೆ ಆ ವಿಳಾಸಕ್ಕೆ ಹಿಂದೆಂದೂ ಒಂದು ಸಾಲನ್ನೂ ಬರೆದಿರಲಿಲ್ಲ. ಉತ್ತರ ಬರಲಿಲ್ಲ. ಭಾನುವಾರ ಸಂಜೆ ಮೊದಲ ಪ್ರದರ್ಶನ ಶುರುವಾದಾಗ ಮುಂದಿನ ಸಾಲಿನ ಆ ಕುರ್ಚಿ ಖಾಲಿಯಿತ್ತು. ಅವನು ಪರದೆಯ ಮರೆಯಲ್ಲಿ ಒಬ್ಬನೇ ನಿಂತು ನೋಡಿದ.

ನಟ ವೈರ್‌ಲೆಸ್ ಎತ್ತಿಕೊಂಡು “ಅ...” ಎಂದ. ಮತ್ತೆ “ಅ... ಅ...” ಎಂದ. ಯಾರೋ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ನಟನ ಕತ್ತಿನ ನರ ಉಬ್ಬಿತು, ಬೆವರು ಕಿತ್ತುಕೊಂಡಿತು, ಅವನು ಬಿಡಲಿಲ್ಲ. ನಗು ತಾನಾಗಿ ಇಳಿಯಿತು. ಕೆಮ್ಮು ನಿಂತಿತು. ಆಗ ಕತ್ತಲಲ್ಲಿ ಎಲ್ಲಿಂದಲೋ ಒಂದು ಗಂಡುದನಿ, ತನಗೇ ಅರಿವಿಲ್ಲದೆ ಬಾಯಿಂದ ಬಿದ್ದಂತೆ, “ನಿಧಾನ ಹೇಳಪ್ಪ,” ಎಂದಿತು.

ಯಾರೆಂದು ನಾಟಕಕಾರ ಇಣುಕಿ ನೋಡಿದ. ಸಾಲು ಸಾಲು ತಲೆಗಳು, ಒಂದೂ ಅಲುಗಲಿಲ್ಲ. ಬೆಳಕಿನಡಿ ನಟ ಕಣ್ಣು ಮುಚ್ಚಿ, ಮತ್ತೊಮ್ಮೆ ಉಸಿರೆಳೆದುಕೊಂಡ.