ಬಾಯಿ ಬಿಡದೆ ಎಸೆದ ಬಿಲ್ಲೆ

ಮಗಳು ಟೀಗನ್ ಐದು ವರ್ಷದವಳಾಗಿದ್ದಾಗ ಅವಳಿಗೊಂದು ಮಾತು ಕೊಟ್ಟಿದ್ದೆ: ಆರನೇ ತರಗತಿ ಮುಗಿಯುವಷ್ಟರಲ್ಲಿ ಸಮುದ್ರ ತೋರಿಸುತ್ತೇನೆ. ಆಸ್ಟ್ರೇಲಿಯಾದ ಒಳನಾಡಿನ ಗಣಿಯೂರು ಬ್ರೋಕನ್ ಹಿಲ್‌ನಲ್ಲೇ ಹುಟ್ಟಿದ ಮಗು, ಗಣಿಯ ಮಣ್ಣುಗುಡ್ಡೆಯನ್ನೇ ಬೆಟ್ಟ ಅಂದುಕೊಂಡವಳು. ಆಮೇಲೆ ವೃದ್ಧಾಶ್ರಮದ ಅಡುಗೆಮನೆ ನನ್ನನ್ನು ಬಿಡಲಿಲ್ಲ. ರಜೆ ಹಾಕಿದರೆ ಆ ದಿನದ ಸಂಬಳವಿಲ್ಲ. ನಮ್ಮ ಕಾರೋ, ಊರು ದಾಟಿದರೆ ಹೊಗೆಯಾಡುತ್ತದೆ.

ಅದಕ್ಕೇ ಕ್ಲಬ್ಬಿನ ಭಾನುವಾರ ಮಧ್ಯಾಹ್ನದ ಪೋಕರ್ ಮೇಲೆ ಕಣ್ಣಿಟ್ಟಿದ್ದೆ. ದುಡ್ಡು ಕಟ್ಟಿ ಆಡುವ ಆಟವಲ್ಲ, ಬರೀ ಬಿಲ್ಲೆಗಳು. ಆದರೆ ಈ ಸಲದ ಕೊನೆಯ ಪಂದ್ಯ ಗೆದ್ದವರಿಗೆ ಕಡಲತೀರದಲ್ಲಿ ಒಂದು ವಾರ, ಇಬ್ಬರಿಗೆ, ಹೋಗಿಬರುವ ಖರ್ಚೂ ಸೇರಿ.

ಆರು ಜನ ಉಳಿದಿದ್ದೆವು. ರಾಶಿ ಇದ್ದದ್ದು ನನ್ನ ಮುಂದೆ ಮತ್ತು ಕ್ಲ್ಯಾರಿಯ ಮುಂದೆ, ಮಿಕ್ಕವರದು ಚೂರುಪಾರು. ಕ್ಲ್ಯಾರಿ ಗಣಿಯಿಂದ ನಿವೃತ್ತನಾದವನು. ಆ ಸುತ್ತಿನಲ್ಲಿ ಮೊದಲ ಸರದಿ ಅವನದು. ಎಲ್ಲರಿಗಿಂತ ಮುಂಚೆ ಪಣ ಏರಿಸಿದನೆಂದರೆ ಕೈಯಲ್ಲಿ ದೊಡ್ಡ ಎಲೆಗಳೇ. ನನ್ನ ಕೈಯಲ್ಲಿ ಎಂಟು, ಏಳು. ಅವನು ಕಟ್ಟಿದಷ್ಟೇ ಕಟ್ಟಿ ಸರಿಗಟ್ಟಿದೆ. ಉಳಿದವರು ಎಲೆ ಕೆಳಗಿಟ್ಟರು.

ಮೇಜಿನ ಮೇಲೆ ಇಬ್ಬರಿಗೂ ಸೇರಿದ ಮೂರು ಎಲೆ ಬಿಚ್ಚಿಕೊಂಡವು: ಆರು, ಐದು, ಎರಡು. ಈಗ ಮೊದಲ ಸರದಿ ನನ್ನದು, ಏನೂ ಕಟ್ಟದೆ ಮೇಜು ತಟ್ಟಿದೆ. ಕ್ಲ್ಯಾರಿ ಎಂದಿನಂತೆ ಮತ್ತೆ ಕಟ್ಟಿದ. ಅದವನ ಚಾಳಿ. ಎಲೆ ಕೂಡಲಿ ಬಿಡಲಿ, ಮೊದಲು ಏರಿಸಿದವನು ತಾನು ಎಂಬ ಗತ್ತಿಗೆ ಇನ್ನೊಮ್ಮೆ ಕಟ್ಟಲೇಬೇಕು. ಈ ಪುಡಿ ಎಲೆಗಳಿಂದ ಅವನಿಗೇನೂ ದಕ್ಕಿಲ್ಲ ಎಂದು ನನಗೆ ಖಾತ್ರಿಯಿತ್ತು. ಜೋರಾಗಿ ಏರಿಸಿದರೆ ಬಿಟ್ಟುಕೊಡುತ್ತಾನೆ. ಬಿಡದಿದ್ದರೂ ಒಂದು ನಾಲ್ಕೋ ಒಂಬತ್ತೋ ಬಿದ್ದರೆ ನನ್ನ ಐದೆಲೆ ಸಾಲಾಗಿ ನಿಲ್ಲುತ್ತವೆ.

"ಏನ್ ಬ್ರಾನ್, ಒಲೆ ಮೇಲೆ ಸಾರಿಟ್ಟು ಬಂದಿದ್ಯಾ? ಬೇಗ ಆಡು," ಅಂದ.

ಬಾಯಿ ತೆರೆದರೆ ದನಿ ನಡುಗುತ್ತಿತ್ತು, ಅವನಿಗೆ ಅಷ್ಟೇ ಸಾಕಿತ್ತು. ತುಟಿ ಬಿಗಿಹಿಡಿದು, ಅವನ ಪಣಕ್ಕಿಂತ ಎಷ್ಟೋ ಪಟ್ಟು ಬೆಲೆಯ ಒಂದೇ ಒಂದು ಹಳದಿ ಬಿಲ್ಲೆಯನ್ನು ನಡುವಿಗೆ ಎಸೆದೆ.

ಎಲೆ ಹಂಚುತ್ತಿದ್ದ ಮರ್ವ್ ಚಿಲ್ಲರೆ ಬಿಲ್ಲೆಗಳನ್ನು ನನ್ನ ಕಡೆ ತಳ್ಳಿದ. ನಾನು ಏರಿಸಿದ್ದು ಅಂದೆ.

"ಮಾತಾಡ್ದೆ ಒಂದೇ ದೊಡ್ಡ ಬಿಲ್ಲೆ ಹಾಕಿದ್ರೆ ಸರಿಗಟ್ಟಿದ ಲೆಕ್ಕ ಕಣಮ್ಮ. ಮುಂಚೆ 'ರೈಸ್', ಏರಿಸ್ದೆ ಅಂತ, ಬಾಯ್ಬಿಟ್ಟು ಹೇಳ್ಬೇಕಿತ್ತು. ನಿಂಗೊತ್ತಿರೋದೇ."

ಗೊತ್ತಿತ್ತು. ಹೊಸಬರಿಗೆ ಈ ನಿಯಮ ಹೇಳಿಕೊಡುವವಳೇ ನಾನು.

ನಾಲ್ಕನೇ ಎಲೆ ರಾಜ. ಕ್ಲ್ಯಾರಿ ಇದ್ದಬದ್ದ ರಾಶಿಯನ್ನೆಲ್ಲ ಮುಂದಕ್ಕೆ ತಳ್ಳಿದ. ಆಗಲಾದರೂ ಎಲೆ ಕೆಳಗಿಡಬೇಕಿತ್ತು. ಮರ್ವ್ ಮೇಲೆ ಸಿಟ್ಟು, ನನ್ನ ಬಾಯಿಯ ಮೇಲೆ ಅದಕ್ಕಿಂತ ಸಿಟ್ಟು. ಇದ್ದದ್ದೆಲ್ಲ ಕಟ್ಟಿದೆ ಅಂದೆ. ಹಾಳು ದನಿ ಈಗ ಗಂಟೆ ಹೊಡೆದಂತೆ ಬಂತು. ಅವನು ಎಕ್ಕ, ರಾಜ ತೋರಿಸಿದ; ಮೇಜಿನ ರಾಜ ಸೇರಿ ಜೋಡಿಯಾಗಿತ್ತು. ಕೊನೆಯ ಎಲೆ ಹತ್ತು, ನನ್ನ ಸಾಲು ಕೂಡಲಿಲ್ಲ. ನನ್ನ ಮುಂದೆ ಬರೀ ಮೇಜು ಉಳಿಯಿತು.

"ನೀನು ಏರಿಸಿದ್ರೆ ಆಗ್ಲೇ ಬಿಟ್ಬಿಡ್ತಿದ್ದೆ ಬ್ರಾನ್," ಅಂದ ಕ್ಲ್ಯಾರಿ. "ನನ್ ಹತ್ರ ಏನಿತ್ತು, ಮಣ್ಣು."

ಸಮಾಧಾನಕ್ಕೆ ಹೇಳಿದ್ದಿರಬೇಕು. ಬಿಯರ್ ಕೊಡಿಸುತ್ತೇನೆ ಅಂದ, ಬೇಡ ಅಂದೆ. ಕೊನೆಗೆ ಗೆದ್ದವನೂ ಅವನೇ. ಅಕ್ಕನನ್ನು ಕರೆದುಕೊಂಡು ಹೋಗುತ್ತಾನಂತೆ. ಅವಳಿಗೆ ಮರಳು ಕಂಡರಾಗದು.

ಇಲ್ಲಿ ಶಾಲಾವರ್ಷ ಮುಗಿಯುವ ಡಿಸೆಂಬರಿನಲ್ಲಿ ಟೀಗನ್ ಆರನೇ ತರಗತಿ ಮುಗಿಸಿದಳು. ಸಮುದ್ರ ತೋರಿಸಲಿಲ್ಲ. ಕೊಟ್ಟ ಮಾತು ತಪ್ಪಿತು.