ದೋಣಿ ದಡ ಸೇರುವ ಪುಟ

ಈ ದ್ವೀಪದಲ್ಲಿರುವ ಪಿಯಾನೊಗಳೆಲ್ಲ ನನ್ನ ಗಂಡನ ಹೆಗಲೇರಿಯೇ ಬಂದವು. ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಹೊರೆ ಹೊರುವ ಬಿದಿರಿನ ಅಡ್ಡೆಯ ಇನ್ನೊಂದು ತುದಿಗೆ ಬೇರೆಯವರೂ ಇರುತ್ತಿದ್ದರು. ನಗಬೇಡ ಸ್ಯೂ-ಲೆ, ಸಿಂಪಿ ಬಿಡಿಸು, ಚಾಕು ಕೈಗೆ ತಗುಲೀತು. ನೆರೆಮನೆಗೆ ಸೊಸೆಯಾಗಿ ಬಂದು ಇನ್ನೂ ತಿಂಗಳಾಗಿಲ್ಲ, ಈ ಮುದುಕಿ ಗಿಮ್-ಚೂ ಬಿಡುವುದೆಲ್ಲ ಬುರುಡೆ ಎಂದು ಆಗಲೇ ಯಾರೋ ನಿನ್ನ ಕಿವಿಗೆ ಊದಿದ್ದಾರೆ.

ನಮ್ಮ ಈ ಗುಲಾಂಗ್ಯು ದ್ವೀಪದ ಓಣಿಗಳಿಗೆ ಯಾವ ಗಾಡಿ ಬಂದೀತು, ಹೇಳು. ದೋಣಿಯಿಂದಿಳಿದ ಪಿಯಾನೊ ಮನುಷ್ಯರ ಹೆಗಲ ಮೇಲೆಯೇ ಗುಡ್ಡ ಹತ್ತಬೇಕು. ಒಂದೊಂದು ಮೆಟ್ಟಿಲಿಗೂ ಒಳಗಿನ ತಂತಿಗಳು ಗುಂಯ್ ಎನ್ನುತ್ತಿದ್ದವಂತೆ, ನಿದ್ದೆಯಲ್ಲಿ ಮಗು ಮಾತಾಡಿದ ಹಾಗೆ. ನನ್ನ ಗಂಡ ಟಿಕ್-ಹಾಕ್ ಅದನ್ನು ದೊಡ್ಡಮನೆಗಳ ಹಜಾರದಲ್ಲಿ ಇಳಿಸಿ, ಕತ್ತಿನ ಟವಲಿನಿಂದ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಆ ಮನೆಯ ಹುಡುಗಿ ಯಾವುದೋ ಹಾಡು ಶುರು ಮಾಡುತ್ತಿದ್ದಳು. ಯಜಮಾನರು ಹಿಂಬಾಗಿಲು ತೋರಿಸುತ್ತಿದ್ದರು.

"ಹಾಡು ಶುರುವಾಗೋದನ್ನ ಎಷ್ಟೋ ಸಲ ಕೇಳಿದೀನಿ ಕಣೇ," ಎನ್ನುತ್ತಿದ್ದ. "ಮುಗಿಯೋದು ಹೆಂಗಿರುತ್ತೆ ಅಂತ ಮಾತ್ರ ಒಂದು ಸಲಾನೂ ಗೊತ್ತಾಗ್ಲಿಲ್ಲ."

"ಅಯ್ಯೋ, ಅಷ್ಟೇನಾ? ನಾನೇ ಕಲಿತು ಪೂರ್ತಿ ನುಡಿಸಿ ತೋರಿಸ್ತೀನಿ ಬಿಡು," ಎಂದು ಗೇಲಿ ಮಾಡಿದ್ದೆ.

ಅವನು ಹೋದ. ಗೇಲಿಯ ಮಾತು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಹಿಂಡುವಾಗ ಎದುರಿಗೆ ಬಂದು ಕೂರುತ್ತಿತ್ತು. ಕಡೆಗೆ ಅದರ ಕಾಟ ತಡೆಯಲಾರದೆ ಹಿರಿಯರ ಶಾಲೆಯ ಪಿಯಾನೊ ತರಗತಿಗೆ ಸೇರಿಕೊಂಡೆ.

ನನ್ನ ಬೆರಳು ನೋಡು, ಸಿಂಪಿ ಬಿಡಿಸಿ ಬಿಡಿಸಿ ಶುಂಠಿಯ ಕೊಂಬಿನ ಹಾಗಾಗಿವೆ. ಓದಲು ಬರದಿದ್ದರೂ ಮೀನಿನ ತಕ್ಕಡಿಯ ದೆಸೆಯಿಂದ ಅಂಕಿ ಗೊತ್ತಿತ್ತು. ನಮ್ಮ ಝುವಾಂಗ್ ಟೀಚರ್, ಮೊಮ್ಮಗಳ ವಯಸ್ಸಿನವಳು, ಸ್ವರಗಳ ಕೆಳಗೆ ಅಂಕಿ ಬರೆದುಕೊಟ್ಟು ಕಲಿಸಿದಳು. ಪಕ್ಕದ ಪಿಯಾನೊದಲ್ಲಿ ಬೀ-ಗೋಕ್. ಅಂಚೆ ಕಚೇರಿಯಿಂದ ನಿವೃತ್ತಳಾದವಳು, ಜಗತ್ತಿನ ಕಾಗದವೆಲ್ಲ ತನ್ನ ಕೈಯಿಂದಲೇ ಹೋಯಿತು ಎನ್ನುವ ಜಂಬ.

"ಲೇ ಗಿಮ್-ಚೂ, ಅದು ಪಿಯಾನೊ ಕಣೇ, ಸಿಂಪಿ ಅಲ್ಲ. ಹಂಗೆ ಕುಕ್ಕಬೇಡ!"

"ನೀನೇನು ಮುದ್ರೆ ಒತ್ತೋದು ಬಿಟ್ಟಿದೀಯಾ? ನೋಡ್ಕೋ ನಿನ್ನ ಹೆಬ್ಬೆರಳನ್ನ."

ಪಿಯಾನೊ ಪರೀಕ್ಷೆಗಳಲ್ಲಿ ಒಂದು ಪದ್ಧತಿ ಉಂಟು. ಪರೀಕ್ಷಕರ ಮೇಜಿನ ಮೇಲೆ ಒಂದು ಪುಟ್ಟ ಹಿತ್ತಾಳೆಯ ಗಂಟೆ. ಹೊರಗಿನ ಸಾಲು ಬೆಳೆದಷ್ಟೂ ಅವರಿಗೆ ಅವಸರ. ಮೊದಲ ಪುಟ ಮುಗಿಯುತ್ತಿದ್ದಂತೆ ಟಿಂಗ್! ಸಾಕು, ಮುಂದಿನವರು ಬನ್ನಿ. ಹಾಗಾಗಿ ಎಲ್ಲರೂ ಕಲಿಯುವುದು ಗಂಟೆಯವರೆಗೆ ಮಾತ್ರ. "ಅಲ್ಲಿಂದಾಚೆ ಯಾರೂ ಕೇಳಲ್ಲ ಅಜ್ಜಿ, ಸುಮ್ನೆ ಯಾಕೆ ಕೈ ನೋಯಿಸ್ಕೋತೀರಾ?" ಎಂದು ಟೀಚರ್ ನನಗೆ ಒಂದೊಂದು ಹಾಡಿನ ಮೊದಲ ಪುಟವನ್ನೇ ಕೊಟ್ಟಿದ್ದಳು. ನಾನೋ, ಹಾಡೆಂದರೆ ಅಷ್ಟೇ, ಟಿಂಗ್ ಎನ್ನುವುದೇ ಅದರ ಕೊನೆ ಎಂದುಕೊಂಡಿದ್ದೆ. ಪ್ರತಿ ಪರೀಕ್ಷೆ ಪಾಸಾದಾಗಲೂ ಮನೆಗೆ ಬಂದು ಅವನ ಫೋಟೋಗೆ ಊದುಬತ್ತಿ ಹಚ್ಚಿ, "ಆಯ್ತಪ್ಪಾ, ಇನ್ನೊಂದು ಪೂರ್ತಿ!" ಎನ್ನುತ್ತಿದ್ದೆ.

ಹೀಗಿರುವಾಗ ಶಾಂಘೈಯಿಂದ ಒಬ್ಬ ಹಿರಿಯ ಪ್ರೊಫೆಸರ್ ಬಂದರು. ದೊಡ್ಡವರು ಎಲ್ಲರೆದುರು ಒಬ್ಬೊಬ್ಬರನ್ನೇ ಕೂರಿಸಿ ತಿದ್ದುವ ವಿಶೇಷ ತರಗತಿ. ಹತ್ತಿಯಂಥ ಕೂದಲು, ತಾನು ಎಲ್ಲಿ ಕೂತಿದ್ದೇನೆ ಎಂದು ಮರೆತಂಥ ಕಣ್ಣು. ನಾನು ಆಗಷ್ಟೇ ಕಲಿತಿದ್ದ ದೋಣಿಯ ಹಾಡು ನುಡಿಸಿದೆ. ಪುಟ ಮುಗಿಯಿತು. ಕೈ ಮಡಿಲಲ್ಲಿಟ್ಟುಕೊಂಡು ಕಾದೆ. ಅವರೂ ಕಾದರು. ಹೊರಗೆ ಆಲದ ಮರದಲ್ಲಿ ಹಕ್ಕಿಯೊಂದು ಕೂಗಿ ಸುಮ್ಮನಾಯಿತು.

"ಮುಂದೆ?" ಎಂದರು.

"ನೀವು ಗಂಟೆ ಹೊಡೀಬೇಕಲ್ಲ ಸಾರ್!"

ತರಗತಿಗೆ ತರಗತಿಯೇ ನಕ್ಕಿತು. ಬೀ-ಗೋಕ್ ನಕ್ಕ ರಭಸಕ್ಕೆ ಬೆಟ್ಟ ಒಂದು ಗೇಣು ಜರುಗಿತು. ಪ್ರೊಫೆಸರ್ ನಗಲಿಲ್ಲ.

"ದೋಣೀನ ನಡುನೀರಲ್ಲೇ ಬಿಟ್ಬಿಟ್ರಲ್ಲ ಅಜ್ಜಿ," ಎಂದರು ಮೆಲ್ಲಗೆ. "ದಡ ಸೇರ್ಸೋರು ಯಾರು?"

ನನ್ನ ಪಕ್ಕದಲ್ಲೇ ಕೂತು ಎರಡನೆಯ ಪುಟ ನುಡಿಸಿದರು. ಎಡಗೈ ಬಲಗೈಯನ್ನು ದಾಟಿ ಆಚೆ ಹೋಗಿ, ದೂರದ ಒಂದು ಸ್ವರ ಮುಟ್ಟಿ, ಹಿಂದಿರುಗುತ್ತಿತ್ತು. ಆಮೇಲೆ ಅಲೆಗಳು ಸಣ್ಣದಾದವು. ಯಾರೋ ಹಗ್ಗ ಎಸೆದರು, ಯಾರೋ ಹಿಡಿದರು. ನೀರು ಮರಳನ್ನು ಸವರಿ ನಿಂತಿತು. ಮುಗಿಯುವುದು ಎಂದರೆ ಅದು. ಆ ಸಂಜೆ ನನಗೆ ಊದುಬತ್ತಿ ಹಚ್ಚುವ ಮುಖವಿರಲಿಲ್ಲ. ಇಷ್ಟು ಕಾಲ ನಾನು ಅವನಿಗೆ ಪೂರ್ತಿ ಎಂದು ಒಪ್ಪಿಸಿದ್ದು ಮತ್ತೆ ಅದೇ ಶುರುವನ್ನೇ.

ಚಿಂಗ್‌ಮಿಂಗ್ ಹಬ್ಬದ ಹೊತ್ತಿಗೆ, ಊರೆಲ್ಲ ಹಿರಿಯರ ಗೋರಿ ತೊಳೆಯುವ ದಿನಗಳಲ್ಲಿ, ನಮ್ಮ ಶಾಲೆಯ ಸಂಗೀತ ಕಛೇರಿ ಗುಡ್ಡದ ಮೇಲಿನ ದೊಡ್ಡಮನೆಯಲ್ಲಿ ಏರ್ಪಾಡಾಯಿತು. ಅಲ್ಲಿರುವುದು ಟಿಕ್-ಹಾಕ್ ಹೊತ್ತ ಕಡೆಯ ಪಿಯಾನೊ. ಇದು ಸುಳ್ಳಲ್ಲ. ಎರಡನೆಯ ಪುಟವನ್ನು ಪಟ್ಟು ಹಿಡಿದು ಕಲಿತೆ. ಆದರೆ ಕೈ ಕೈಯನ್ನು ದಾಟುವ ಆ ಜಾಗದಲ್ಲಿ ಪ್ರತಿ ಸಲವೂ ಮುಗ್ಗರಿಸುತ್ತಿದ್ದೆ. ಟೀಚರ್‌ಗೆ ದಿಗಿಲು.

"ಮೊದಲ ಪುಟಕ್ಕೇ ನಿಲ್ಲಿಸ್ಬಿಡಿ ಅಜ್ಜಿ. ಬೀ-ಗೋಕ್ ಅಜ್ಜಿ ಕೈಲಿ ಗಂಟೆ ಕೊಟ್ಟಿರ್ತೀನಿ. ಅವರು ಟಿಂಗ್ ಅನ್ನಿಸ್ತಾರೆ, ನೀವು ನಕ್ಕೊಂಡು ಎದ್ದು ಬನ್ನಿ. ಜನ ತಮಾಷೆ ಅನ್ಕೋತಾರೆ."

ಕಛೇರಿಯ ಹಿಂದಿನ ದಿನ ಬೀ-ಗೋಕ್ ಇಲ್ಲಿಗೆ ಚಹಾಕ್ಕೆ ಬಂದಳು. ನಾನು ಹಬ್ಬದ ಕಡುಬಿಗೆ ಅಂಟಕ್ಕಿ ಹಿಟ್ಟು ನಾದುತ್ತಿದ್ದೆ. ಚೀಲದಿಂದ ಗಂಟೆ ತೆಗೆದು ನನ್ನ ಮೂಗಿನ ಕೆಳಗೆ ಅಲ್ಲಾಡಿಸಿದಳು. "ನಾಳೆ ನಿನ್ನ ಮಾನ ನನ್ನ ಕೈಲಿದೆ, ಒಳ್ಳೆ ಕಡುಬು ಕೊಡು!" ಆಮೇಲೆ ಹಿತ್ತಲಿಗೆ ಕೈ ತೊಳೆಯಲು ಹೋದಳು. ಗಂಟೆ ಇಲ್ಲೇ ಇತ್ತು. ಹಿಟ್ಟೂ ಇಲ್ಲೇ ಇತ್ತು. ಮಾನ ನನ್ನದು ತಾನೇ? ಗಂಟೆಯ ಹೊಟ್ಟೆ ತುಂಬ ಹಿಟ್ಟು ತುರುಕಿ ಚೀಲದೊಳಗೆ ಮಲಗಿಸಿದೆ.

ಮರುದಿನ ಸಮುದ್ರದಿಂದ ಮಂಜು ಎದ್ದು ಕಿಟಕಿಗಳಿಂದ ಹಜಾರದೊಳಕ್ಕೇ ಬಂತು. ಕೂತಿದ್ದ ಜನ ದಡಕ್ಕೆ ಕಟ್ಟಿದ ದೋಣಿಗಳ ಹಾಗೆ ಕಂಡರು. ನಾನು ಶುರು ಮಾಡಿದೆ. ಸ್ವರಗಳು ಪಿಯಾನೊದಿಂದ ಬರುತ್ತಿವೆಯೋ ಕೆಳಗಿನ ನೀರಿನಿಂದಲೋ ತಿಳಿಯಲಿಲ್ಲ. ಎಲ್ಲವೂ ಸರಾಗ. ಮೊದಲ ಪುಟ ಮುಗಿಯಿತು.

ಅಷ್ಟೇ, ಕೈಗೆ ಎಲ್ಲ ಮರೆತುಹೋಯಿತು. ಹಿಟ್ಟು ತುರುಕಿದ್ದೂ ಮರೆತುಹೋಯಿತು, ನೋಡು ನನ್ನ ಪುಣ್ಯ. ಮುಂದಿನ ಸಾಲಿನಲ್ಲಿದ್ದ ಬೀ-ಗೋಕ್ ಕಡೆ ತಿರುಗಿ, ಹೊಡೆಯೇ, ನಿನ್ನ ಕಾಲಿಗೆ ಬೀಳ್ತೀನಿ, ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ಗಂಟೆ ಎತ್ತಿ ಅಲ್ಲಾಡಿಸಿದಳು. ಸದ್ದಿಲ್ಲ. ಮತ್ತೆ ಜೋರಾಗಿ ಅಲ್ಲಾಡಿಸಿದಳು. ಅವಳ ತೋಳು, ಗಲ್ಲ, ಕಿವಿಯ ಓಲೆ, ಎಲ್ಲ ಅಲ್ಲಾಡಿದವು. ಗಂಟೆ ಮೂಗಿಯಾಗಿತ್ತು.

ಆಗ ಹಿಂಬಾಗಿಲ ಹತ್ತಿರ ಮಂಜಿನಲ್ಲಿ ಒಬ್ಬ ನಿಂತಿದ್ದ. ಕತ್ತಿನಲ್ಲಿ ಟವಲು, ಗೋಡೆಗೆ ಒರಗಿಸಿದ ಬಿದಿರಿನ ಅಡ್ಡೆ. ತೋಟದವನು ಎಂದು ಬೀ-ಗೋಕ್ ಈಗಲೂ ವಾದಿಸುತ್ತಾಳೆ, ವಾದಿಸಲಿ. ಒಂದು ಕಾಲು ಹೊಸ್ತಿಲ ಹೊರಗೆ ಇಟ್ಟಿದ್ದ, ಯಾರಾದರೂ ಹೋಗು ಎಂದರೆ ಹೊರಟುಬಿಡುವವನ ಹಾಗೆ. ಯಾರೂ ಹೋಗು ಎನ್ನಲಿಲ್ಲ.

ನನ್ನ ಎಡಗೈ ಮೇಲೆದ್ದಿತು, ಬಲಗೈಯನ್ನು ದಾಟಿತು. ದೋಣಿ ದಡ ಸೇರಿತು.

ಅಗೋ, ಆ ಗಂಟೆ ಅವನ ಫೋಟೋ ಪಕ್ಕದಲ್ಲೇ ಇದೆ. ಹಿಟ್ಟು ಒಣಗಿ ಕಲ್ಲಾಗಿದೆ, ನಾನು ಕೆರೆದಿಲ್ಲ. ಬೇಕಾದರೆ ಅಲ್ಲಾಡಿಸಿ ನೋಡು. ಮತ್ತೆ, ಹೊಸ್ತಿಲ ಹೊರಗಿದ್ದ ಆ ಕಾಲು ಏನಾಯಿತು ಎನ್ನುತ್ತೀಯಾ? ನನ್ನನ್ನು ಕೇಳಬೇಡ, ನಾನು ಬುರುಡೆ ಮುದುಕಿ. ನೀನೇ ಹೇಳು ನೋಡೋಣ.