ಸಂತೆಯ ದೃಶ್ಯ

ಗಂಡ ಜವರಪ್ಪ ತೀರಿಕೊಂಡು ತಿಂಗಳಾಗುತ್ತ ಬಂದರೂ ಪಾಪಕ್ಕನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಜಡಿಗೇನಹಳ್ಳಿಯ ಹೆಂಗಸರು ಅಷ್ಟಕ್ಕೆ ಬಿಟ್ಟಾರೆಯೇ? ಅಳುವುದಕ್ಕೂ ಹಾಜರಿ ಹಾಕುವ ಜನ. ಕಲ್ಲು ಮನಸ್ಸು ಎಂದರು. ಅವಳಿಗೆ ಅದೂ ತಟ್ಟಲಿಲ್ಲ. ಹಸಿವಿಲ್ಲ, ಸಿಟ್ಟಿಲ್ಲ, ಹಾಲು ಕರೆಯುತ್ತಿದ್ದಳು, ಡೇರಿಗೆ ಹಾಕಿ ಬರುತ್ತಿದ್ದಳು. ಗೋಡೆಯ ಮೇಲಿನ ಫೋಟೊ ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿದ್ದವನು ಪೊಲೀಸರು ಹಿಡಿದು ನಿಲ್ಲಿಸಿದವನ ಹಾಗಿದ್ದ, ಅವಳ ಗಂಡನ ಹಾಗಂತೂ ಇರಲಿಲ್ಲ.

ನಗುವ ಜವರಪ್ಪ ಉಳಿದದ್ದು ಒಂದೇ ಕಡೆ. ಹೋದ ವರ್ಷ ಸಿನಿಮಾದವರು ಊರಾಚೆಯ ಬಯಲಲ್ಲಿ ಸಂತೆಯ ಸೆಟ್ಟು ಹಾಕಿದಾಗ, ಮೀಸೆ ಚೆನ್ನಾಗಿದೆಯೆಂದು ಅವನನ್ನೂ ಜನರ ನಡುವೆ ನಿಲ್ಲಿಸಿದ್ದರು. ಆ ಸಿನಿಮಾ ಬಿಡುಗಡೆಯಾದದ್ದು ಅವನ ಹನ್ನೊಂದನೇ ದಿನದ ಕಾರ್ಯದ ಮರುದಿನ. ಮೊದಲ ವಾರವೇ ನೋಡಿಬಂದ ಮಗಳು ಯಶಸ್ವಿನಿ, ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿ ನಗುತ್ತಾನೆ, ಫೋನಲ್ಲಿ ಹಿಡಿಯುವಷ್ಟರಲ್ಲಿ ಮುಗಿದೇ ಹೋಯಿತು ಎಂದು ಅತ್ತಳು. ಅವನನ್ನು ಒಮ್ಮೆ ಹಾಗೆ ಕಂಡರೆ ತನಗೂ ಅಳು ಬಂದೀತು ಎಂದು ಪಾಪಕ್ಕನಿಗೆ ಅನ್ನಿಸಿತು. ಆದರೆ ತಿಂಗಳ ತಿಥಿ ಮುಗಿಯದೆ ಸಿನಿಮಾಕ್ಕೆ ಹೋದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಕಾದಳು.

ತಿಥಿ ಕಳೆದ ಮೂರನೇ ದಿನ, ತಾಲ್ಲೂಕು ಕಚೇರಿಗೆಂದು ಸುಳ್ಳು ಹೇಳಿ ಅಳಿಯ ಮುನಿಕೃಷ್ಣನ ಜೊತೆ ಹೊಸಕೋಟೆಗೆ ಹೋದಳು. ಥಿಯೇಟರಿನ ಮುಂದೆ ಹೊಸ ಪೋಸ್ಟರ್ ಅಂಟಿಸಿದ್ದರು. ಈ ವರ್ಷ ಅತಿ ಹೆಚ್ಚು ಗಳಿಸಿದ ಚಿತ್ರ ಎಂದು ಅಳಿಯ ತನ್ನದೇ ದುಡ್ಡು ಎಂಬಂತೆ ಓದಿ ಹೇಳಿದ.

ಪಾಪಕ್ಕ ರೆಪ್ಪೆ ಮಿಟುಕಿಸಲೂ ಹೆದರಿ ಕೂತಳು. ಹೊಡೆದಾಟ ಬಂತು, ಹಾಡು ಬಂತು, ನಾಯಕಿಯ ಮದುವೆಯೂ ಆಯಿತು. ಸಂತೆ ಬರಲಿಲ್ಲ. ದೀಪ ಹತ್ತಿ ಜನ ಹೊರಟರೂ ಅವಳು ಏಳಲಿಲ್ಲ.

ಮುನಿಕೃಷ್ಣ ಗೇಟಿನವನನ್ನು ವಿಚಾರಿಸಿ ಬಂದ. ಮುಖ ಚಿಕ್ಕದಾಗಿತ್ತು. ಸಿನಿಮಾ ಉದ್ದವಾಯಿತೆಂದು ಎರಡನೇ ವಾರದಲ್ಲೇ ಹದಿನಾಲ್ಕು ನಿಮಿಷ ತೆಗೆದುಬಿಟ್ಟಿದ್ದರಂತೆ. ಸಂತೆ ಅದರಲ್ಲೇ ಹೋಗಿತ್ತು.

"ದಿನಕ್ಕೆ ಒಂದು ಆಟ ಜಾಸ್ತಿ ಹಾಕಕ್ಕಾಯ್ತಂತೆ ಅತ್ತೆ. ಅದಕ್ಕೇ ಇಷ್ಟೊಂದು ಕಲೆಕ್ಷನ್ ಆಗಿರೋದು."

ಪಾಪಕ್ಕ ಬರೀ ಪರದೆಯನ್ನು ನೋಡುತ್ತಲೇ ಇದ್ದಳು. ಅಳು ಈಗಲೂ ಬರಲಿಲ್ಲ.

"ಕತ್ತರ್ಸಿದ್ದನ್ನ ಎಲ್ಲಿಟ್ಟವ್ರಂತಪ್ಪ?" ಎಂದಳು. "ಹೋಗಿ ಕೇಳುದ್ರೆ ಕೊಡಲ್ವಾ?"